ಪಾದಪೂಜೆಯ ನೇರಪ್ರಸಾರ

ಈ ಸಭೆಯ ಅಧ್ಯಕ್ಷತೆ ವಹಿಸಿರುವ, ನಮ್ಮ ಬಸ್‌ಸ್ಟ್ಯಾಂಡ್ ರಸ್ತೆ ವರ್ತಕರ ಸಂಘದ ಹಿರಿಯರಾದ ಶ್ರೀ ಚಿಕ್ಕಬೀರಪ್ಪನವರೇ, ಸಂಘದ ಕಾರ್ಯದರ್ಶಿಯೂ ನನ್ನ ಕಣ್ಣೆದುರಿಗೇ ಚಡ್ಡಿಯಿಂದ ಪ್ಯಾಂಟಿಗೆ ಬಂದವನೂ ಆದ ಮಹಾಂತೇಶನೇ, ಇನ್ನೂ ದಾರಿಯಲ್ಲಿರುವ ಮುಖ್ಯ ಅತಿಥಿಗಳೇ, ಅವರಿಗಾಗಿ ಮುಂದಿನ ಸಾಲನ್ನು ಖಾಲಿ ಬಿಟ್ಟು ಹಿಂದೆ ನಿಂತುಕೊಂಡಿರುವ ಸಭಿಕರೇ, ಪಕ್ಕದ ಊಟದ ಹಾಲ್‌ನಿಂದ ಅಡುಗೆಯ ಘಮ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ತಾಯಂದಿರೇ, ಹಾಗೂ ನನ್ನ ಪಕ್ಕದ ಕುರ್ಚಿಯಲ್ಲಿ ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿರುವ ನನ್ನ ಧರ್ಮಪತ್ನಿ ಶ್ರೀಮತಿ ವೀರಮ್ಮನವರೇ,

ಸಂಘದ ವಾರ್ಷಿಕೋತ್ಸವದ ಈ ಶುಭ ಸಂದರ್ಭದಲ್ಲಿ ನೀವು ನಮ್ಮಿಬ್ಬರನ್ನು ‘ಆದರ್ಶ ದಂಪತಿ’ ಎಂದು ಕರೆದು, ಶಾಲು ಹೊದಿಸಿ, ಹಾರ ಹಾಕಿ, ನನ್ನ ತಲೆಗೆ ಮೈಸೂರು ಪೇಟ ತೊಡಿಸಿದ್ದೀರಿ. ಪೇಟ ಕಣ್ಣಿನವರೆಗೂ ಇಳಿಯುತ್ತಿದೆ. ಪರವಾಗಿಲ್ಲ. ಇದರಿಂದ ಸಭಿಕರಲ್ಲಿ ಯಾರು ನಗುತ್ತಿದ್ದಾರೆ ಎಂಬುದು ನನಗೆ ಕಾಣಿಸುವುದಿಲ್ಲ, ಅದೂ ಒಂದು ಅನುಕೂಲವೇ.

ನಗುವವರು ಯಾಕೆ ನಗುತ್ತಿದ್ದಾರೆ ಎಂಬುದು ನನಗೆ ಗೊತ್ತಿದೆ. ಈ ಪ್ರಶಸ್ತಿಗೆ ನಮ್ಮನ್ನು ಆರಿಸಿದ್ದು, ಆಹ್ವಾನ ಪತ್ರಿಕೆ ಅಚ್ಚಾದದ್ದು, ಬಸ್‌ಸ್ಟ್ಯಾಂಡಿನ ಎದುರಿಗೆ ನಮ್ಮಿಬ್ಬರ ಫ್ಲೆಕ್ಸ್ ಕಟ್ಟಿದ್ದು, ಇದೆಲ್ಲ ಭೀಮನ ಅಮಾವಾಸ್ಯೆಗೆ ಮುಂಚೆ. ಅಮಾವಾಸ್ಯೆಯ ದಿನ ಬೆಳಿಗ್ಗೆ ಟೀವಿಯ ನೇರಪ್ರಸಾರದಲ್ಲಿ ಏನು ನಡೆಯಿತು ಎಂಬುದನ್ನು ನೀವೆಲ್ಲರೂ ನೋಡಿದ್ದೀರಿ. ನೋಡದವರು ಯಾರಾದರೂ ಇದ್ದರೆ ಪಕ್ಕದವರ ಮೊಬೈಲ್ ಕೇಳಿ. ಅವರ ಹತ್ತಿರ ಇದ್ದೇ ಇರುತ್ತದೆ.

ಅದಾದ ಮೇಲೆ ಮಹಾಂತೇಶ ನನ್ನ ಪಾತ್ರೆ ಅಂಗಡಿಗೆ ಬಂದ. ಬಹಳ ಹೊತ್ತು ಸ್ಟೀಲು ಲೋಟಗಳನ್ನು ಎತ್ತಿ ಎತ್ತಿ ನೋಡಿದ. ಆಮೇಲೆ ಹೇಳಿದ, “ಅಣ್ಣಾರೆ, ಫ್ಲೆಕ್ಸ್ ಬಿಚ್ಚಕಾಗಲ್ಲ. ಅಕ್ಕಾರ ಕೈಲಿ ಸ್ಟೇಜಿನ ಮೇಲೆ ಒಂದೇ ಒಂದು ಮಾತು ಆಡಿಸಿಬಿಡ್ರಿ. ಅವತ್ತು ಅಂದಿದ್ದು ಬಾಯಿತಪ್ಪಿ ಅಂದಿದ್ದು ಅಂತ. ಸಂಘದ ಮಾನನೂ ಉಳಿತೈತಿ, ನಿಮ್ದೂ ಉಳಿತೈತಿ.” ಅದಕ್ಕೇನಂತೆ, ಆಡುತ್ತಾಳೆ, ನಾನು ಹೇಳಿದರೆ ಆಯಿತು ಎಂದೆ. ಹೀಗಾಗಿ, ಸಭಿಕರೇ, ನನ್ನ ಭಾಷಣ ಮುಗಿದ ನಂತರ ವೀರಮ್ಮನವರು ಈ ಮೈಕಿನ ಮುಂದೆ ಬಂದು ಸ್ಪಷ್ಟೀಕರಣ ಕೊಡಲಿದ್ದಾರೆ. ಅದಕ್ಕೆ ಮೊದಲು ನಾನು ಎರಡು ಮಾತು ಆಡುವುದು ಒಳ್ಳೆಯದು. ಎರಡಲ್ಲದಿದ್ದರೆ ನಾಲ್ಕು.

ಬೆಳಗಿನ ಟೀವಿಯ ನೇರಪ್ರಸಾರ ಎಂದರೆ ಏನು? ಈ ಊರಿನಲ್ಲಿ ಆ ಪ್ರಶ್ನೆಗೆ ಉತ್ತರ ಹೇಳಲು ನನಗಿಂತ ಅರ್ಹರು ಯಾರಿದ್ದಾರೆ? ದಿನವೂ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ, ಗಲ್ಲಾಪೆಟ್ಟಿಗೆಗೆ ಕೈ ಮುಗಿದು, ಊದುಬತ್ತಿ ಹಚ್ಚಿ, ನಾನು ಮಾಡುವ ಮೊದಲ ಕೆಲಸವೆಂದರೆ ಟೀವಿ ಹಾಕುವುದು. ಗಿರಾಕಿಗಳು ಬರುವುದು ತಡ. ಅಲ್ಲಿಯವರೆಗೆ ಕೊಡ, ಕೊಪ್ಪರಿಗೆ, ನಾನು, ಟೀವಿ. ಆ ಕಾರ್ಯಕ್ರಮದಲ್ಲಿ ಎಷ್ಟು ಜನ ಎಷ್ಟು ಬಗೆಯಲ್ಲಿ ಎಡವಿದ್ದಾರೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಮ್ಮೆ ಒಬ್ಬ ಯೋಗ ಗುರುಗಳು ಬಂದಿದ್ದರು. ಶವಾಸನ ಹೇಗೆ ಮಾಡಬೇಕು ಎಂದು ತೋರಿಸಲು ಮಲಗಿದರು. ಮಲಗಿದವರು ಏಳಲಿಲ್ಲ. ನಿರೂಪಕಿ ಸಂಪೂರ್ಣ ವಿಶ್ರಾಂತಿ, ನೋಡಿ ವೀಕ್ಷಕರೇ, ಸಂಪೂರ್ಣ ವಿಶ್ರಾಂತಿ ಎನ್ನುತ್ತಲೇ ಇದ್ದಳು. ಅಷ್ಟರಲ್ಲಿ ಗುರುಗಳ ಗೊರಕೆ ಅವರ ಎದೆಗೆ ಸಿಕ್ಕಿಸಿದ್ದ ಮೈಕಿನಿಂದ ಇಡೀ ರಾಜ್ಯಕ್ಕೆ ಕೇಳಿಸಿತು. ಇನ್ನೊಮ್ಮೆ ಹೃದಯದ ಡಾಕ್ಟರು ಬಂದಿದ್ದರು. ಆನವಟ್ಟಿಯಿಂದ ಯಾರೋ ಫೋನ್ ಮಾಡಿ, “ಡಾಕ್ಟ್ರೇ, ನಮ್ ಶುಂಠಿಗೆ ಕೊಳೆ ಹತ್ತೈತಿ, ಏನ್ ಹೊಡಿಬೇಕು?” ಎಂದು ಕೇಳಿದರು. ಡಾಕ್ಟರ ಮಾವನವರೂ ಶುಂಠಿ ಹಾಕಿದ್ದರೆಂದು ಕಾಣುತ್ತದೆ. ಅವರು ಪ್ಲಾಸ್ಟಿಕ್ಕಿನ ಹೃದಯವನ್ನು ಮೇಜಿನ ಮೇಲಿಟ್ಟು, ಬಸಿಗಾಲುವೆಯಿಂದ ಆರಂಭಿಸಿ ಔಷಧಿಯ ಪ್ರಮಾಣದವರೆಗೆ ಹೇಳಿದರು. ಆ ದಿನ ಎದೆನೋವಿನವರಿಗೆ ಏನೂ ತಿಳಿಯಲಿಲ್ಲ. ಆದರೆ ಆನವಟ್ಟಿ ಕಡೆ ಶುಂಠಿ ಉಳಿಯಿತು ಎಂದು ಕೇಳಿದ್ದೇನೆ.

ಈ ಕಾರ್ಯಕ್ರಮದ ನಿರೂಪಕಿ ಚೈತ್ರಶ್ರೀ ಎಂಬ ಹುಡುಗಿ. ಒಳ್ಳೆಯ ಹುಡುಗಿ. ಅಡುಗೆಯ ವಿಭಾಗದಲ್ಲಿ ಒಬ್ಬ ತಾಯಿ ಉಪ್ಪಿಟ್ಟು ಮಾಡಿ ತೋರಿಸುತ್ತಾ ಮಾತಿನ ಭರದಲ್ಲಿ ಒಲೆಯನ್ನೇ ಹಚ್ಚಿರಲಿಲ್ಲ. ಚೈತ್ರಶ್ರೀ ಆ ಹಸಿ ರವೆಯನ್ನು ಚಮಚದಲ್ಲಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, “ಆಹಾ, ಎಷ್ಟು ಉದುರುದುರಾಗಿದೆ!” ಎಂದಳು. ನಾನು ಅಂಗಡಿಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಕೆಲಸದ ಮೇಲಿನ ಶ್ರದ್ಧೆ ಎಂದರೆ ಅದು.

ಈಗ ನಾನು ಸಭೆಯನ್ನು ಕೇಳುತ್ತೇನೆ. ಆ ಯೋಗ ಗುರುಗಳ ಶಿಷ್ಯರು ಅವರನ್ನು ಬಿಟ್ಟು ಹೋದರೇ? ಆ ಡಾಕ್ಟರ ಆಸ್ಪತ್ರೆಗೆ ಬೀಗ ಬಿತ್ತೇ? ಇಲ್ಲ. ನೇರಪ್ರಸಾರದಲ್ಲಿ ದೀಪಗಳ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಗಂಟಲು ಒಣಗುತ್ತದೆ, ಮನಸ್ಸಿನಲ್ಲಿ ಇಲ್ಲದ್ದು ಬಾಯಿಗೆ ಬರುತ್ತದೆ. ವೀರಮ್ಮನವರ ವಿಷಯದಲ್ಲಿಯೂ ಆದದ್ದು ಇಷ್ಟೇ. ಇದು ನನ್ನ ಅಭಿಪ್ರಾಯ. ವೀರಮ್ಮನವರು ಈಗ ನನ್ನ ಕಡೆ ನೋಡುತ್ತಿದ್ದಾರೆ, ಅವರ ಅಭಿಪ್ರಾಯವನ್ನು ಆಮೇಲೆ ಕೇಳೋಣ.

ನಮ್ಮನ್ನು ಕರೆಸಿದ್ದು ಭೀಮನ ಅಮಾವಾಸ್ಯೆಯ ವಿಶೇಷ ಕಾರ್ಯಕ್ರಮಕ್ಕೆ. ಆ ದಿನ ನಮ್ಮ ಮನೆಗಳಲ್ಲಿ ಹೆಂಡತಿ ಗಂಡನ ಪಾದ ತೊಳೆದು, ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು ಪೂಜೆ ಮಾಡುವ ಪದ್ಧತಿ ನಿಮಗೆಲ್ಲ ತಿಳಿದದ್ದೇ. ಅದನ್ನು ಸ್ಟುಡಿಯೊದಲ್ಲಿ ಮಾಡಿ ತೋರಿಸಬೇಕಿತ್ತು. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಜೋಡಿ ಎಂದು ಮಹಾಂತೇಶ ನಮ್ಮ ಫೋಟೋ ಕಳಿಸಿದ್ದ, ಚಾನೆಲ್ಲಿನವರು ಒಪ್ಪಿದರು. ನಾನು ನನ್ನ ಅಂಗಡಿಯ ದೊಡ್ಡ ಹಿತ್ತಾಳೆ ಪರಾತವನ್ನೇ ಹುಣಸೆಹಣ್ಣು ಹಾಕಿ ತಿಕ್ಕಿಸಿ ಜೊತೆಗೆ ತೆಗೆದುಕೊಂಡೆ. ಪಾದ ಇಡಲು ಯಾವುದೋ ಊರಿನ ತಟ್ಟೆ ಯಾಕೆ? ನಾಲ್ಕು ಜನ ನೋಡಿದರೆ ವ್ಯಾಪಾರಕ್ಕೂ ಒಳ್ಳೆಯದೇ.

ಬೆಳಗಿನ ಜಾವ ಕಾರಿನಲ್ಲಿ ಶಿವಮೊಗ್ಗಕ್ಕೆ ಹೊರಟೆವು. ದಾರಿಯುದ್ದಕ್ಕೂ ನಾನು ಇವಳಿಗೆ ತಯಾರಿ ಮಾಡಿಸಿದೆ. ನಿರೂಪಕಿ ಕೇಳಬಹುದಾದ ಪ್ರಶ್ನೆಯನ್ನೂ ನಾನೇ ಕೇಳಿದೆ, ಇವಳು ಕೊಡಬೇಕಾದ ಉತ್ತರವನ್ನೂ ನಾನೇ ಹೇಳಿದೆ. ಕೊನೆಗೆ ಸುಲಭ ಮಾಡಿಕೊಟ್ಟೆ. “ನೋಡು, ಅವ್ರು ಏನೇ ಕೇಳ್ಲಿ, ಎಲ್ಲಾ ಇವ್ರ ಆಶೀರ್ವಾದ ಅನ್ನು, ಸಾಕು” ಎಂದೆ. ಇವಳು ಕಿಟಕಿಯ ಕಡೆ ನೋಡುತ್ತಾ “ಹೂಂ” ಎಂದಳು. ಆ “ಹೂಂ” ಒಪ್ಪಿಗೆ ಎಂದು ನಾನು ತಿಳಿದೆ. ಯಾರಾದರೂ ಹಾಗೆಯೇ ತಿಳಿಯುತ್ತಿದ್ದರು.

ಹೀಗೆ ಉತ್ತರ ಹೇಳಿಕೊಡುವುದು ಇವಳ ಮೇಲಿನ ಕಾಳಜಿಯಿಂದಲೇ ಹೊರತು ಬೇರೆ ಯಾವುದರಿಂದಲೂ ಅಲ್ಲ. ಮಾತಿನ ವಿಷಯದಲ್ಲಿ ಇವಳಿಗೆ ಕಷ್ಟವಾಗಬಾರದು ಎಂದು ನಾನು ಮದುವೆಯಾದಂದಿನಿಂದ ನೋಡಿಕೊಂಡು ಬಂದಿದ್ದೇನೆ. ಮದುವೆಮನೆಯಲ್ಲಿ ಯಾರಾದರೂ “ಹೆಂಗಿದೀರಿ ವೀರಮ್ಮಾರೇ?” ಎಂದರೆ, “ಚೆನ್ನಾಗಿದಾಳೆ” ಎಂದು ನಾನೇ ಹೇಳುತ್ತೇನೆ. ಅವಳ ತವರಿನಿಂದ ಫೋನ್ ಬಂದರೂ ಸ್ಪೀಕರ್ ಹಾಕಿ ಹತ್ತಿರವೇ ಕೂರುತ್ತೇನೆ, ಮಾತು ತಪ್ಪಿದರೆ ಎತ್ತಿಕೊಡಲು. ಹಿಂದಿನ ವರ್ಷ ಇವಳಿಗೆ ಮೊಣಕಾಲು ನೋವು ಬಂದಾಗ ಡಾಕ್ಟರು “ಯಾವ ಕಾಲಮ್ಮಾ?” ಎಂದು ಇವಳನ್ನು ಕೇಳಿದರು. ಬಲಗಾಲು ಎಂದು ನಾನು ಹೇಳಿದೆ. ಇವಳು ಏನೋ ಹೇಳಲು ಬಂದಳು. ಡಾಕ್ಟರು ಕೇಳುವಾಗ ಮಧ್ಯೆ ಬಾಯಿ ಹಾಕಬೇಡ ಎಂದೆ. ಬಲಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕುಂಟುತ್ತಾ ಒಂದು ತಿಂಗಳು ಓಡಾಡಿದಳು. ನೋವು ಎಡಗಾಲಿನದು ಎಂದು ಆಮೇಲೆ ಗೊತ್ತಾಯಿತು. ನನ್ನ ತಪ್ಪಾದರೂ ಏನು? ನಾನು ಎದುರಿಗೆ ಕೂತು ನೋಡುವವನು. ಎದುರಿಗೆ ಕೂತರೆ ಅವಳ ಎಡ ನನಗೆ ಬಲವೇ ಅಲ್ಲವೇ?

ಮಹಾಂತೇಶ ಒಂದು ಚೀಟಿ ಕಳಿಸಿದ್ದಾನೆ. ‘ಅಣ್ಣಾರೆ, ಟೈಮು’ ಎಂದು ಬರೆದಿದೆ. ಮುಖ್ಯ ಅತಿಥಿಗಳೇ ಬಂದಿಲ್ಲ, ಯಾವ ಟೈಮು? ಮುಂದುವರಿಸುತ್ತೇನೆ.

ಸ್ಟುಡಿಯೊದಲ್ಲಿ ಮೇಕಪ್ ಮಾಡುವವನು ನನ್ನ ಮುಖ ನೋಡಿ, ಇದು ನಡೆಯುತ್ತದೆ ಎಂದ. ಪಾದ ನೋಡಿ, ಇದು ನಡೆಯುವುದಿಲ್ಲ ಎಂದ. ಪಾದ ಹತ್ತಿರದಿಂದ ತೋರಿಸುತ್ತಾರಂತೆ, ಹಿಮ್ಮಡಿ ಒಡೆದಿರಬಾರದಂತೆ. ನನ್ನ ಎರಡು ಹಿಮ್ಮಡಿಗೂ ಬಣ್ಣ ಬಳಿದು, ಪೌಡರ್ ಹೊಡೆದ. ಈ ವಯಸ್ಸಿನಲ್ಲಿ ನನ್ನ ಹಿಮ್ಮಡಿಗೆ ಇಂಥ ಯೋಗ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಆಮೇಲೆ ನನ್ನನ್ನು ಬಂಗಾರದ ಬಣ್ಣದ ಕುರ್ಚಿಯಲ್ಲಿ ಕೂರಿಸಿ, ಕಾಲನ್ನು ನಮ್ಮ ಪರಾತದಲ್ಲಿ ಇಡಿಸಿ, ಎದೆಗೆ ಮೈಕ್ ಸಿಕ್ಕಿಸಿ, ಅಲುಗಾಡಬೇಡಿ ಎಂದರು. ಕೆಂಪು ದೀಪ ಹತ್ತಿತು.

ವೀರಮ್ಮನವರು ನೀರು ಹಾಕಿದ ಕೂಡಲೇ ಹಿಮ್ಮಡಿಯ ಬಣ್ಣ ಬಿಟ್ಟುಕೊಂಡಿತು. ಪರಾತದ ನೀರು ಚಹಾದ ಬಣ್ಣಕ್ಕೆ ಬಂತು. ನಮ್ಮವಳು ನೇರಪ್ರಸಾರದಲ್ಲಿಯೇ, “ಇದೇನ್ರೀ, ನಿಮ್ ಕಾಲು ಬಣ್ಣ ಬಿಡ್ತಾ ಐತಲ್ಲ?” ಎಂದಳು. ಚೈತ್ರಶ್ರೀ ತಕ್ಷಣ, ಅರಿಸಿನದ ಮಹಿಮೆ ವೀಕ್ಷಕರೇ ಎಂದಳು. ಅರಿಸಿನವನ್ನು ಇನ್ನೂ ಹಾಕಿರಲಿಲ್ಲ. ನಾನು ಹೇಳಲಿಲ್ಲವೇ, ಒಳ್ಳೆಯ ಹುಡುಗಿ.

ಪೂಜೆ ನಡೆಯಿತು. ಅರಿಸಿನ, ಕುಂಕುಮ, ಸೇವಂತಿಗೆ, ಆರತಿ. ಇವಳು ಬಗ್ಗಿ ನಮಸ್ಕಾರ ಮಾಡಿ ಎದ್ದಳು. ಎಡಗಾಲಿನಿಂದಾಗಿ ಏಳಲು ಸ್ವಲ್ಪ ತಡವಾಯಿತು. ಆಗ ಚೈತ್ರಶ್ರೀ ಮೈಕನ್ನು ಇವಳ ಮುಂದೆ ಹಿಡಿದು, ಆ ದಿನ ರಾಜ್ಯದ ಎಲ್ಲ ಹೆಂಗಸರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದಳು, “ಅಮ್ಮಾ, ಮುಂದಿನ ಜನ್ಮಕ್ಕೂ ಇವರೇ ಗಂಡ ಆಗಲಿ ಅಂತ ಬೇಡ್ಕೊಂಡ್ರಾ?”

ಉತ್ತರ ಸಿದ್ಧವಿತ್ತು. ಕಾರಿನಲ್ಲಿ ಕೊಟ್ಟಿದ್ದೆ. ಎಲ್ಲಾ ಇವ್ರ ಆಶೀರ್ವಾದ. ಇವಳು ಚೈತ್ರಶ್ರೀಯ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ತರಕಾರಿಯವನ ಮುಂದೆ ನಿಂತು ಕಾಲು ಕೆಜಿ ಸಾಕೋ ಅರ್ಧ ಕೆಜಿ ಬೇಕೋ ಎಂದು ಯೋಚಿಸುವಾಗ ಹೇಗೆ ನಿಲ್ಲುತ್ತಾಳೋ ಹಾಗೆಯೇ ನಿಂತಳು. ಆಮೇಲೆ ಹೇಳಿದಳು, “ಇಲ್ಲ ಮಾರಾಯ್ತಿ. ಈ ಸಲಕ್ಕೆ ಸಾಕು. ಮುಂದಿನ ಸಲ ಬೇರೆ ಯಾರಿಗಾದ್ರೂ ಸಿಗ್ಲಿ.”

ಸ್ಟುಡಿಯೊದಲ್ಲಿ ಕ್ಯಾಮೆರಾ ಹಿಡಿದವನು ನಕ್ಕದ್ದು ನನಗೆ ಕೇಳಿಸಿತು. ಚೈತ್ರಶ್ರೀ ಹಸಿ ರವೆ ತಿಂದ ಹುಡುಗಿ, ಸುಮ್ಮನಿರುತ್ತಾಳೆಯೇ? “ನೋಡಿ ವೀಕ್ಷಕರೇ, ಎಂಥಾ ದೊಡ್ಡ ಮನಸ್ಸು! ಇಷ್ಟು ಒಳ್ಳೆ ಗಂಡ ಬೇರೆಯವರಿಗೂ ಸಿಗಲಿ ಅಂತಿದ್ದಾರೆ ಅಮ್ಮ!” ಎಂದಳು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿದೇ ಹೋಗಿತ್ತು. ನನ್ನ ಮುಖದಲ್ಲಿ ನಗು ಬರತೊಡಗಿತ್ತು. ಅಷ್ಟರಲ್ಲಿ ಇವಳು ಆ ಹುಡುಗಿಯ ಕೈಯನ್ನು ಮೆಲ್ಲಗೆ ಮುಟ್ಟಿ, “ಹಂಗಲ್ಲವ್ವಾ. ನಂಗೆ ಸಾಕು ಅಂದೆ” ಎಂದಳು.

ಸಭಿಕರೇ, ಆ ಕ್ಷಣದಲ್ಲಿ ಚೈತ್ರಶ್ರೀ ನನ್ನ ಕಡೆ ತಿರುಗಿ, ಸರ್ ನೀವೇನಂತೀರಿ ಎಂದಳು. ನಾನು ಏನು ಮಾಡಬೇಕಿತ್ತು? ಯಾವತ್ತೂ ಮಾಡುವುದನ್ನೇ ಮಾಡಿದೆ. “ಅವ್ಳಿಗೆ ಮಾತಾಡಿ ಅಭ್ಯಾಸ ಇಲ್ಲ, ಅವ್ಳು ಹೇಳಬೇಕು ಅಂತಿದ್ದದ್ದು ಏನಂದ್ರೆ” ಎಂದು ಹೇಳುತ್ತಾ, ಸಭೆಗಳಲ್ಲಿ ಮಾತಾಡುವ ಅಭ್ಯಾಸದಿಂದ ಎದ್ದು ನಿಂತೆ. ಕಾಲು ಪರಾತದಲ್ಲಿತ್ತು. ಪರಾತ ಮಗುಚಿತು. ಚಹಾದ ಬಣ್ಣದ ನೀರು, ಕುಂಕುಮ, ಸೇವಂತಿಗೆ ಎಲ್ಲವೂ ಸೇರಿ ಚೈತ್ರಶ್ರೀಯ ರೇಷ್ಮೆ ಸೀರೆಯ ಕಡೆ ಹರಿಯಿತು. ಅವಳು ಸೋಫಾದ ಮೇಲೆ ಹತ್ತಿದಳು. ನನ್ನ ಬಾಯಿಂದ ಬಂದ ಶಬ್ದ ಯಾವುದು ಎಂಬುದನ್ನು ತಾಯಂದಿರ ಎದುರು ಹೇಳಲಾರೆ, ಎದೆಯ ಮೇಲೆ ಮೈಕಿತ್ತು ಎಂದಷ್ಟೇ ಹೇಳುತ್ತೇನೆ. ಕೂಡಲೇ ಜಾಹೀರಾತು ಹಾಕಿದರು. ವಧೂವರರ ಕೇಂದ್ರದ ಜಾಹೀರಾತು.

ಅಂದಿನಿಂದ ಅಂಗಡಿಗೆ ಬರುವವರೆಲ್ಲ, “ಟೀವೀಲಿ ಮಗುಚಿತಲ್ಲ, ಅದೇ ಪರಾತ ಕೊಡ್ರಿ” ಎನ್ನುತ್ತಾರೆ. ಇದ್ದಬದ್ದ ಪರಾತವೆಲ್ಲ ಖರ್ಚಾಯಿತು, ಇನ್ನಷ್ಟು ತರಿಸಿದೆ. ಇದರಲ್ಲಿ ನನಗೆ ಸಂತೋಷವಿಲ್ಲ. ಒಬ್ಬ ವರ್ತಕನ ಬಾಯಲ್ಲಿ ಇಂಥ ಮಾತು ಎಂದಾದರೂ ಕೇಳಿದ್ದೀರಾ?

ಮನೆಗೆ ಬಂದ ಮೇಲೆ ನಾನು ಇವಳಿಗೆ ಸಾವಧಾನವಾಗಿಯೇ ಹೇಳಿದೆ. ಚಾನೆಲ್ಲಿನವರ ನಂಬರ್ ಇದೆ, ನಾನು ಹಚ್ಚಿಕೊಡುತ್ತೇನೆ, ಬಾಯಿತಪ್ಪಿ ಬಂತು ಎಂದು ಹೇಳಿಬಿಡು ಎಂದೆ. “ತಪ್ಪಿದ್ರೆ ತಾನೇ ಹೇಳದು?” ಎಂದಳು. ಕೂಗಾಡಿದೆ. ನಾನೊಬ್ಬನೇ ಕೂಗಾಡಿದ್ದು. ಮರುದಿನ ಅನ್ನ ಮಾಡಿಟ್ಟು, ಸಾರು ಮಾಡಿಟ್ಟು, ಹಾಲಿಗೆ ಹೆಪ್ಪು ಹಾಕಿ, ಉಪ್ಪಿನಕಾಯಿ ಎಲ್ಲಿದೆ ಎಂದು ತೋರಿಸಿ, ತವರಿಗೆ ಹೊರಟಳು. ಸೊರಬದ ಬಸ್ಸಿಗೆ. ಇವಳ ತವರು ಕ್ಯಾಸನೂರು. ಕಾಡಂಚಿನ ಊರು, ಮಂಗನ ಕಾಯಿಲೆಯ ಊರು, ಅಲ್ಲಿ ಉಣ್ಣೆ ಹುಳ ಕಚ್ಚಿದರೆ ಗತಿಯೇನು ಎಂದು ಹೆದರಿಸಿ ನೋಡಿದೆ. “ಮಳೆಗಾಲದಲ್ಲಿ ಉಣ್ಣೆ ಎಲ್ಲಿಂದ ಬರ್ತವೆ? ನಾ ಹುಟ್ಟಿದ್ದೇ ಅಲ್ಲಿ” ಎಂದು ಚಪ್ಪಲಿ ಮೆಟ್ಟಿದಳು.

ಅಕ್ಕಪಕ್ಕದವರು ಕೇಳಿದರು. ತಂಗಿಗೆ ಹುಷಾರಿಲ್ಲ, ನೋಡಿಕೊಂಡು ಬರಲು ಹೋಗಿದ್ದಾಳೆ ಎಂದು ಇವಳ ಪರವಾಗಿ ಹೇಳಿದೆ. ಇವಳಿಲ್ಲದ ಮನೆಯಲ್ಲಿ ನನಗೆ ಒಂದು ವಿಚಿತ್ರವಾಯಿತು, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಮಾತಾಡುವವನು ನಾನು. ಇವಳು ಹೋದರೆ ಮನೆಯಲ್ಲಿ ಮಾತೇನೂ ಕಡಿಮೆಯಾಗಬೇಕಿರಲಿಲ್ಲ. ಆದರೆ ಮಾತೇ ಹೊರಡಲಿಲ್ಲ. ಬೆಳಿಗ್ಗೆ ಮನೆಯಲ್ಲೇ ಟೀವಿ ಹಾಕಿದೆ. ಅದೇ ಯೋಗ ಗುರುಗಳು ಮತ್ತೆ ಬಂದಿದ್ದರು. ಎದ್ದೇಳಿ ಸ್ವಾಮಿ ಎಂದು ಅವರಿಗೆ ಹೇಳಿದೆ. ಆ ದಿನ ಮನೆಯಲ್ಲಿ ನಾನು ಆಡಿದ ಮಾತು ಅದೊಂದೇ. ಬಹಳ ಬೇಜಾರಾಯಿತು ನನಗೆ.

ಕರೆದುಕೊಂಡು ಬರಲು ನಾನೇ ಹೋದೆ. ಹೋದಾಗ ಮಧ್ಯಾಹ್ನ. ಇವಳ ತಂಗಿ ಹೂವಮ್ಮ ಒಲೆಯ ಮುಂದೆ ಕೂತು ಹೋಳಿಗೆ ಬೇಯಿಸುತ್ತಿದ್ದಳು. ಹುಷಾರಾಗಿಯೇ ಇದ್ದಳು. ವೀರಮ್ಮನವರು ಮಣೆಯ ಮೇಲೆ ಕೂತು, ಬಿಸಿ ಹೋಳಿಗೆಯ ಮೇಲೆ ತುಪ್ಪ ಸುರಿದುಕೊಂಡು ತಿನ್ನುತ್ತಿದ್ದರು. ಒಂದು ತಿಂದು ಇನ್ನೊಂದು ಹಾಕಿಸಿಕೊಂಡರು. ನಾನು ಬಾಗಿಲಲ್ಲೇ ನಿಂತೆ. ಯಾಕೆಂದರೆ ಇವಳಿಗೆ ಸಿಹಿ ಆಗುವುದಿಲ್ಲ.

ಇದು ನಿಮಗೂ ಗೊತ್ತಿರುವ ವಿಷಯ. ಈ ಊರಿನ ಎಷ್ಟು ಮದುವೆಗಳಲ್ಲಿ ನಾನು ಬಡಿಸುವವರ ಕೈ ತಡೆದು, “ಅವ್ಳಿಗೆ ಹಾಕಬ್ಯಾಡ್ರಿ, ಸಿಹಿ ಸೇರಲ್ಲ” ಎಂದಿಲ್ಲ? ಚಿಕ್ಕಬೀರಪ್ಪನವರ ಮಗಳ ಮದುವೆಯಲ್ಲಿ ಜಿಲೇಬಿಯ ಬುಟ್ಟಿಯನ್ನು ಇವಳ ಎಲೆಯ ಮುಂದಿನಿಂದ ನಾನೇ ಸಾಗಿಸಿದ್ದೇನೆ. ನಾವು ಮದುವೆಯಾದ ಹೊಸದರಲ್ಲಿ ಒಂದು ಹಬ್ಬಕ್ಕೆ ಇವಳು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟಿದ್ದಳು. ಅಂದೇ ನಾನು ಗಮನಿಸಿ ಮನಸ್ಸಿನಲ್ಲಿ ಇಟ್ಟುಕೊಂಡೆ. ಹೆಂಡತಿಯ ಬೇಕು ಬೇಡಗಳನ್ನು ಇಷ್ಟು ಸೂಕ್ಷ್ಮವಾಗಿ ಗಮನಿಸುವ ಗಂಡಂದಿರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ?

“ನಿಂಗೆ ಸಿಹಿ ಆಗಲ್ವಲ್ಲೇ?” ಎಂದೆ. ಹೂವಮ್ಮ ಸಟ್ಟುಗ ಹಿಡಿದುಕೊಂಡೇ ತಿರುಗಿದಳು. “ಯಾರ್ ಹೇಳಿದ್ದು ಭಾವ? ಅಕ್ಕ ಸಣ್ಣೋಳಿದ್ದಾಗ ಹೂರಣ ರುಬ್ಬಕ್ಕೆ ಬಿಡ್ತಿರ್ಲಿಲ್ಲ ಅವ್ವ, ಅರ್ಧ ಬಾಯಿಗೇ ಹೋಗ್ತದೆ ಅಂತ.” ಹಾಗಾದರೆ ಆ ಹಬ್ಬದಲ್ಲಿ ಯಾಕೆ ಬಿಟ್ಟಳು ಎಂದು ಕೇಳಿದೆ. ನಮ್ಮ ದೊಡ್ಡ ಮಗಳು ಹೊಟ್ಟೆಯಲ್ಲಿದ್ದಳಂತೆ. ಯಾವುದೂ ನಿಲ್ಲುತ್ತಿರಲಿಲ್ಲವಂತೆ. ನನಗೆ ಹೇಳಲು ಇನ್ನೂ ನಾಚಿಕೆಯಂತೆ.

ಈಗ ಸಭೆ ತೀರ್ಮಾನಿಸಲಿ. ಮೂವತ್ತೆಂಟು ವರ್ಷ, ಕಟ್ಟಿಕೊಂಡ ಗಂಡನಿಂದ, ಹೋಳಿಗೆಯ ಮೇಲಿನ ಆಸೆಯನ್ನು ಮುಚ್ಚಿಡುವುದು ಸರಿಯೇ? ನಾನು ಅಲ್ಲಿಯೇ ಕೇಳಿದೆ. “ಮತ್ತೆ ನೀನ್ಯಾಕೆ ನಂಗೆ ಹೇಳ್ಲಿಲ್ಲ?” ಎಂದೆ. ಇವಳು ಬೆರಳಿಗೆ ಹತ್ತಿದ ತುಪ್ಪವನ್ನು ನೋಡುತ್ತಾ ಹೇಳಿದಳು, “ನೀವು ಕೇಳಿದ್ದು ಯಾವಾಗ?”

ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ನಾನೂ ಜೋರಾಗಿ ಏನಾದರೂ ಹೇಳಬಹುದಿತ್ತು. ಹೂವಮ್ಮ ನನಗೂ ಎಲೆ ಹಾಸಿ ಒಂದು ಹೋಳಿಗೆ ಹಾಕಿದಳು. ತಿಂದೆ. ಚೆನ್ನಾಗಿತ್ತು.

ಊಟವಾದ ಮೇಲೆ ಈ ಸಮಾರಂಭದ ವಿಷಯ ಹೇಳಿದೆ. ಫ್ಲೆಕ್ಸ್ ಕಟ್ಟಿದ್ದಾರೆ, ನಿನ್ನದೂ ಫೋಟೋ ಇದೆ, ಬಾಯಿತಪ್ಪಿ ಅಂದೆ ಎಂದು ಒಂದು ಮಾತು ಹೇಳುತ್ತೀಯೆಂದು ಸಂಘಕ್ಕೆ ಭರವಸೆ ಕೊಟ್ಟಿದ್ದೇನೆ ಎಂದೆ. ಇವಳು ಎಲೆ ಅಡಿಕೆ ಹಾಕಿಕೊಂಡು ಬಹಳ ಹೊತ್ತು ಅಗಿದಳು. ಆಮೇಲೆ, “ಸರಿ, ಬರ್ತೀನಿ. ಮೈಕು ನನ್ ಕೈಗೆ ಕೊಡಬೇಕು” ಎಂದಳು. ಏನು ಹೇಳುತ್ತೀ ಎಂದು ಕೇಳಿದೆ. “ಅಲ್ಲೇ ಕೇಳ್ರಿ” ಎಂದಳು. ಬಸ್ಸಿನಲ್ಲಿ ಕೇಳಿದೆ, ಮನೆಯಲ್ಲಿ ಕೇಳಿದೆ, ಇವತ್ತು ಸೀರೆ ಉಡುವಾಗಲೂ ಬಾಗಿಲ ಹೊರಗೆ ನಿಂತು ಕೇಳಿದೆ. ಅಲ್ಲೇ ಕೇಳ್ರಿ.

ಮಹಾಂತೇಶ ಇನ್ನೊಂದು ಚೀಟಿ ಕಳಿಸಿದ್ದಾನೆ. ಅನ್ನ ಆರುತ್ತಿದೆಯಂತೆ. ನಾನು ಯಾಕೆ ಇಷ್ಟು ಉದ್ದ ಮಾತಾಡುತ್ತಿದ್ದೇನೆ ಎಂದು ಚಿಕ್ಕಬೀರಪ್ಪನವರಿಗೆ ಅರ್ಥವಾಗಿದೆ. ಅವರು ತಲೆ ತಗ್ಗಿಸಿ ಕೂತಿದ್ದಾರೆ. ನನ್ನ ಮಾತು ಮುಗಿದರೆ ಇವಳ ಮಾತು ಆರಂಭವಾಗುತ್ತದೆ. ಅಷ್ಟೇ ವಿಷಯ.

ಆದರೂ ಒಂದು ಪ್ರಯತ್ನ ಮಾಡಿದೆ. ಇವಳು ಬಾಯಿತಪ್ಪಿ ಮಾತಾಡುವವಳು ಎಂದು ಈ ವೇದಿಕೆಯಲ್ಲಿ ಸಾಬೀತು ಮಾಡಲು ಒಂದು ಉದಾಹರಣೆ ಸಿಕ್ಕಿದ್ದರೆ ಸಾಕಿತ್ತು. ಅಂಗಡಿಯಲ್ಲಿ ಕೂತು ಯೋಚಿಸಿದೆ. ಯಾವುದೋ ಮದುವೆ, ಯಾವುದೋ ತಿಥಿ, ಯಾವುದೋ ಜಗಳ. ಇವಳು ಎಂದಾದರೂ ಒಂದು ಹೇಳಲು ಹೋಗಿ ಇನ್ನೊಂದು ಹೇಳಿದ್ದುಂಟೇ? ನೆನಪಾಗಲಿಲ್ಲ. ಹೋಗಲಿ, ಇವಳು ಆಡಿದ ಸರಿಯಾದ ಮಾತುಗಳನ್ನಾದರೂ ನೆನಪು ಮಾಡಿಕೊಳ್ಳೋಣ ಎಂದುಕೊಂಡೆ. ಅದೂ ನೆನಪಾಗಲಿಲ್ಲ. ಪ್ರತಿಯೊಂದು ಕಡೆಯಲ್ಲಿಯೂ ನಾನು ಏನು ಹೇಳಿದೆ ಎಂಬುದೇ ನೆನಪಾಯಿತು. ಗಿರಾಕಿಯೊಬ್ಬ ಬಂದು ಕೊಡ ಕೇಳಿದ. ಅವನಿಗೆ ಕುಕ್ಕರ್ ಕೊಟ್ಟು ಕಳಿಸಿದೆ.

ನೇರಪ್ರಸಾರದಲ್ಲಿ ತಪ್ಪಾದದ್ದು ನಿಜ. ಯಾರದ್ದು ಎಂಬುದರಲ್ಲಿ ನನಗೆ ಈಗ ಸ್ವಲ್ಪ ಗೊಂದಲವಿದೆ. ಆ ಹುಡುಗಿ, ಸರ್ ನೀವೇನಂತೀರಿ ಎಂದು ನನ್ನನ್ನು ಕೇಳಿದ್ದು. ನಾನು ವೀರಮ್ಮ ಏನಂತಾಳೆ ಎಂದು ಹೇಳಲು ಎದ್ದೆ. ನಾನೇನಂತೀನಿ ಎಂಬುದನ್ನು ಹೇಳಲೇ ಇಲ್ಲ. ಯಾರೂ ಮತ್ತೆ ಕೇಳಲೂ ಇಲ್ಲ, ಎಲ್ಲರಿಗೂ ಪರಾತದ್ದೇ ಚಿಂತೆ. ಸಭಿಕರೇ, ಈಗ ಹೇಳುತ್ತೇನೆ. ನನಗೆ ಬೇಕು. ಮುಂದಿನ ಜನ್ಮವೊಂದು ಇರುವುದೇ ಆದರೆ ಇವಳೇ ಬೇಕು. ಅನ್ನ ಸಾರಿಗಾಗಿ ಅಲ್ಲ, ಅದನ್ನು ನಾನು ಈ ಕೆಲವು ದಿನಗಳಲ್ಲಿ ಕಲಿತಿದ್ದೇನೆ, ಸಾರು ಮಾತ್ರ ಇನ್ನೂ ಸರಿಯಾಗಿಲ್ಲ. ಇವಳಿಲ್ಲದಿದ್ದರೆ ನನಗೆ ಆಗುವುದಿಲ್ಲ, ಅದಕ್ಕೆ ಬೇಕು.

ಇವಳಿಗೆ ನಾನು ಬೇಕೋ ಬೇಡವೋ, ಅದು ನನಗೆ ಗೊತ್ತಿಲ್ಲ. ಇವಳ ವಿಷಯದಲ್ಲಿ ‘ಗೊತ್ತಿಲ್ಲ’ ಎಂಬ ಮಾತನ್ನು ನಾನು ಯಾವ ಸಭೆಯಲ್ಲಿಯೂ ಆಡಿದವನಲ್ಲ. ಇವಳು ಇಲ್ಲಿ ಏನು ಹೇಳಬೇಕು ಎಂದು ನಾನು ಸಂಘಕ್ಕೆ ಕೊಟ್ಟ ಭರವಸೆಯನ್ನು ಅಧ್ಯಕ್ಷರ ಅಪ್ಪಣೆ ಪಡೆದು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಫ್ಲೆಕ್ಸ್ ಬಿಚ್ಚಬೇಕಾಗಿ ಬಂದರೆ ಬಿಚ್ಚಿ. ಏಣಿ ನನ್ನ ಅಂಗಡಿಯಲ್ಲೇ ಇದೆ.

ಇಷ್ಟು ಹೊತ್ತು ಹಸಿದುಕೊಂಡು ಕೇಳಿದ ನಿಮಗೆಲ್ಲರಿಗೂ, ಸನ್ಮಾನ ಮಾಡಿದ ಸಂಘಕ್ಕೂ, ಚೀಟಿ ಬರೆದು ಬರೆದು ಸುಸ್ತಾಗಿರುವ ಮಹಾಂತೇಶನಿಗೂ ನನ್ನ ಕೃತಜ್ಞತೆಗಳು. ಈಗ ವೀರಮ್ಮನವರು ಮಾತಾಡುತ್ತಾರೆ. ಅವರು ಏನೇ ಹೇಳಲಿ, ಅದು ಬಾಯಿತಪ್ಪಿ ಬಂದ ಮಾತು ಎಂದು ದಯವಿಟ್ಟು ಯಾರೂ ತಿಳಿಯಬೇಡಿ.

ಬಾ, ವೀರಮ್ಮ. ಬುಟ್ಟಿ ಇಲ್ಲಿ ಕೊಡು. ಮೈಕನ್ನು ಸ್ವಲ್ಪ ಬಾಯಿಗೆ ಹತ್ತಿರ ಹಿಡ್ಕೊಂಡು, ಮೊದಲಿಗೆ ಅಧ್ಯಕ್ಷರಿಗೆ... ಇರಲಿ. ನೀನೇ ನೋಡ್ಕೋ.

ಎಲ್ಲರಿಗೂ ನಮಸ್ಕಾರ.